ಗೋವಿಂದಮ್ಮನವರ ಕಡಪ ಕಲ್ಲು

ಜರಗನಹಳ್ಳಿಯ ಗೋವಿಂದಮ್ಮನವರ ಕಟ್ಟಡಕ್ಕೆ ಬಾಡಿಗೆಗೆ ಬಂದವರಿಗೆಲ್ಲ ಮೊದಲ ದಿನವೇ ಬುದ್ಧಿವಾದ ಸಿಗುತ್ತದೆ. ಸಂಪಿನ ಮುಚ್ಚಳದ ಮೇಲೆ ಗಾಡಿ ನಿಲ್ಲಿಸಬೇಡಿ, ಒದ್ದೆ ಬಟ್ಟೆಯ ನೀರನ್ನು ಕೆಳಗಿನ ಮನೆಯವರ ತಲೆಗೆ ಇಳಿಸಬೇಡಿ, ಹಿತ್ತಲಲ್ಲಿ ಒರಗಿಸಿಟ್ಟ ಕಡಪ ಕಲ್ಲನ್ನು ಮುಟ್ಟಬೇಡಿ. ಮೊದಲನೇ ಮಹಡಿಯ ಮನೆಗೆ ನಾನು ಮದುವೆಯಾದ ಹೊಸತರಲ್ಲಿ ಬಂದವಳು, ಈಗ ನನ್ನ ಮಗಳು ಕಾಲೇಜಿಗೆ ಹೋಗುತ್ತಾಳೆ. ಮೊದಲ ಎರಡು ಮಾತನ್ನು ಆಗಾಗ ಮೀರಿ ಚೆನ್ನಾಗಿ ಬೈಸಿಕೊಂಡಿದ್ದೇನೆ. ಮೂರನೆಯದನ್ನು ಮೀರುವ ಧೈರ್ಯ ಮಾಡಲಿಲ್ಲ.

ಆ ಕಲ್ಲು ಅವರ ಹಳೆಯ ಮನೆಯ ಅಡುಗೆಕೋಣೆಯ ಷೆಲ್ಫಿನದು. ಮನೆ ಕೆಡವಿ ಬಾಡಿಗೆ ಮನೆಗಳನ್ನು ಕಟ್ಟಿಸಿದಾಗ ಬಾಗಿಲು, ಕಿಟಕಿ, ತೊಲೆ ಎಲ್ಲ ಗುಜರಿಗೆ ಹೋದವು. ಮೊರದಗಲದ ಈ ಕಪ್ಪು ಹಲಗೆಯನ್ನು ಮಾತ್ರ ಗೋವಿಂದಮ್ಮ ಬಿಟ್ಟುಕೊಡಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದರೂ ಅವರ ಕೈಯಿಂದ ಬಳಪ ಬಿಡಿಸಲು ಯಾರಿಗೂ ಆಗಿರಲಿಲ್ಲ. ಸಂಜೆ ಹೊತ್ತು ಹಿತ್ತಲ ಮೆಟ್ಟಿಲ ಮೇಲೆ ಕೂತು, ಆ ಕಲ್ಲಿನ ಮೇಲೆ ಬಾಡಿಗೆದಾರರ ಚಿತ್ರ ಬರೆಯುತ್ತಿದ್ದರು. ಬರೆದು, ತಾವೇ ನಕ್ಕು, ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದರು. ನನ್ನನ್ನೂ ಬರೆದಿದ್ದಾರೆ. ಎರಡು ಕೈಯಲ್ಲಿ ಎರಡು ಫೋನು, ತಲೆ ಇರಲೇ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವಳಿಗೆ ಇದೆಂಥ ಮರ್ಯಾದೆ ಎಂದು ಕೇಳಿದ್ದಕ್ಕೆ, "ತಲೆ ಫೋನೊಳಗೇ ಇದೆ, ಸರಿಯಾಗಿ ನೋಡು" ಎಂದರು.

ಹೀಗಿದ್ದ ಗೋವಿಂದಮ್ಮನವರ ಕೆಳಗಿನ ಮನೆಗೆ ವನಿತಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ಅಚ್ಚಿನ ಚಿತ್ರ ಮಾಡುವವಳು. ಕಲ್ಲಿನಲ್ಲೋ ಮರದಲ್ಲೋ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದ ಹಾಸಿ ಉಜ್ಜಿ ತೆಗೆಯುವ ಕೆಲಸ. ಹಿಂದಿನ ಚಳಿಗಾಲವನ್ನು ಕೆನಡಾದ ಉತ್ತರದ ತುದಿಯಲ್ಲಿ, ಹಿಮದ ನಾಡಿನ ಇನುಯಿಟ್ ಜನರ ಹಳ್ಳಿಯಲ್ಲಿ ಕಳೆದು, ಅವರ ಜೊತೆ ಕೂತು ಕೆಲಸ ಕಲಿತು ಬಂದಿದ್ದಳು. ಬಂದ ವಾರದಲ್ಲೇ ಉಳಿ, ಸುತ್ತಿಗೆಯ ಸದ್ದು ಶುರುವಾಯಿತು. ಗೋವಿಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆಂದೇ ಇಳಿದರು. ಜಗಳ ನೋಡಲು ನಾನೂ ಹಿಂದೆಯೇ ಇಳಿದೆ.

ಜಗಳವಾಗಲಿಲ್ಲ. ಗೋಡೆಯ ತುಂಬ ವನಿತಾ ಆ ಹಳ್ಳಿಯಿಂದ ತಂದಿದ್ದ ಚಿತ್ರಗಳಿದ್ದವು. ಮೊದಲನೆಯದರಲ್ಲಿ ಒಂದು ಹಡಗು. ಅದರ ಮೇಲೆ ಪೊರಕೆಯಂಥ ಗಡ್ಡದ ಬಿಳಿಯರು ಸಾಲಾಗಿ, ಇರುವೆಯಷ್ಟು ಸಣ್ಣಗೆ ನಿಂತಿದ್ದರು. ದಡದಲ್ಲಿ ತುಪ್ಪಳದ ಅಂಗಿ ತೊಟ್ಟ ಒಬ್ಬ ಹೆಂಗಸು, ಹಡಗಿಗಿಂತ ದೊಡ್ಡವಳು. ಪಕ್ಕದ್ದರಲ್ಲಿ ಒಬ್ಬ ವ್ಯಾಪಾರಿ ನರಿಯ ಚರ್ಮ ತೂಗುತ್ತಿದ್ದ, ಅವನ ಹೆಬ್ಬೆರಳು ತಕ್ಕಡಿಯ ಮೇಲಿತ್ತು. ಇನ್ನೊಂದರಲ್ಲಿ ಕರಿ ನಿಲುವಂಗಿಯವನೊಬ್ಬ ಪುಸ್ತಕ ಹಿಡಿದು ಬೋಧಿಸುತ್ತಿದ್ದ. ಜನರೆಲ್ಲ ಅವನಿಗೆ ಬೆನ್ನು ಹಾಕಿ ಮೀನು ಕೊಯ್ಯುತ್ತಿದ್ದರು, ನಾಯಿಗಳು ಮಾತ್ರ ಕೇಳುತ್ತಿದ್ದವು. ಗೋವಿಂದಮ್ಮನವರಿಗೆ ನಗು ತಡೆಯಲಾಗಲಿಲ್ಲ. ಕೊನೆಯದರ ಮುಂದೆ ನಗು ನಿಂತಿತು. ಕಾಯಿಲೆಯವರನ್ನು ದೂರದ ಆಸ್ಪತ್ರೆಗೆ ಕರೆದೊಯ್ಯುವ ಹಡಗು, ಅದರ ದುಂಡು ಕಿಟಕಿಗಳಲ್ಲಿ ಸಣ್ಣ ಸಣ್ಣ ಮುಖಗಳು, ದಡದಲ್ಲಿ ಬರಿಗೈಯಲ್ಲಿ ನಿಂತ ತಾಯಿ.

"ವಾಪಸ್ ಬಂದ್ರಾ ಅವರು?"

"ಕೆಲವರು ಬಂದ್ರಂತೆ ಆಂಟಿ. ತುಂಬಾ ಜನ ಬರಲಿಲ್ಲ."

ಗೋವಿಂದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮೊದಲನೇ ಚಿತ್ರಕ್ಕೆ ಮರಳಿದರು. "ಇದೇನು, ಹೆಂಗಸು ಹಡಗಿಗಿಂತ ದೊಡ್ಡೋಳು?"

"ಅದನ್ನ ಬರೆದ ಅಜ್ಜೀನ ನಾನೂ ಅದೇ ಕೇಳ್ದೆ. 'ಹಡಗು ಬಂತು, ಹೋಯ್ತು. ನಮ್ಮಜ್ಜಿ ಇಲ್ಲೇ ಇದ್ಲು. ಯಾರು ದೊಡ್ಡೋರು ನೀನೇ ಹೇಳು' ಅಂದ್ರು."

ಗೋವಿಂದಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ನಮ್ಮೂರಿಗೂ ಬಂದಿದ್ದ ಒಬ್ಬ" ಎಂದರು. ಅಷ್ಟು ವರ್ಷ ಅವರ ಮನೆಯಲ್ಲಿದ್ದು ನಾನು ಕೇಳಿರದ ಕತೆ ಅದು.

ಅವರ ಅತ್ತೆಗೆ ಅವರ ಅತ್ತೆ, ಅವರಿಗೆ ಅವರ ಅತ್ತೆ, ಹೀಗೆ ರಾಗಿ ಬೀಸುವಾಗ ಒಬ್ಬರಿಗೊಬ್ಬರು ಹೇಳಿಕೊಂಡು ಬಂದದ್ದು. ಹಿಂದೆ ಯಾವುದೋ ಕಾಲದಲ್ಲಿ ಭೂಮಿ ಅಳೆಯುವ ಬಿಳಿ ದೊರೆಯೊಬ್ಬ ಸರಪಳಿ, ಆಳುಕಾಳುಗಳ ಸಮೇತ ಊರಿಗೆ ಬಂದ. ಸೇದುವ ಬಾವಿಯ ಎದುರಿಗೇ ಮೂರು ಕಾಲಿನ ಮೇಲೆ ಒಂದು ಹಿತ್ತಾಳೆಯ ದುರ್ಬೀನು ನಿಲ್ಲಿಸಿದ. ಅದರಲ್ಲಿ ನೋಡಿದರೆ ಮನುಷ್ಯರು ತಲೆಕೆಳಗಾಗಿ ಕಾಣುತ್ತಾರೆಂದು ಆಳುಗಳು ಸುದ್ದಿ ಹಬ್ಬಿಸಿದರು. ತಲೆಕೆಳಗಾದರೆ ಉಟ್ಟ ಸೀರೆಯ ಗತಿಯೇನು? ಹೆಂಗಸರು ಬಾವಿಯ ಕಡೆ ಹೋಗುವುದನ್ನೇ ಬಿಟ್ಟರು. ಮನೆಗಳಲ್ಲಿ ಕುಡಿಯಲು ನೀರಿಲ್ಲ, ಮಕ್ಕಳು ಅಳುತ್ತಿವೆ. ಈ ಮನೆಯ ಯಜಮಾನ, ಪಟೇಲ ಗೂಳಪ್ಪ, ಎಲೆಯಡಿಕೆ ತಟ್ಟೆ ಹಿಡಿದು ದೊರೆಯ ಪಕ್ಕದಲ್ಲೇ ನಿಂತಿದ್ದರೂ ಬಾಯಿ ಬಿಡಲಿಲ್ಲ.

ಕೊನೆಗೆ ಬಾಯಿ ಬಿಟ್ಟವಳು ಗೂಳಪ್ಪನ ಸೊಸೆ ಅಕ್ಕಯಮ್ಮ. ಖಾಲಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ನೇರ ಹೋಗಿ, ದೊರೆಯನ್ನು ಪಕ್ಕಕ್ಕೆ ಸರಿಯಲು ಹೇಳಿ, ದುರ್ಬೀನಿಗೆ ಕಣ್ಣಿಟ್ಟಳು. ಕೆರೆ ಮೇಲಿತ್ತು, ಆಕಾಶ ಕೆಳಗಿತ್ತು, ಮಾವ ಬಾವಲಿಯ ಹಾಗೆ ನೇತಾಡುತ್ತಿದ್ದ. ಆದರೆ ಅವನ ಪಂಚೆ ಜಾರಿರಲಿಲ್ಲ. ತಿರುಗಿ ಊರಿಗೆಲ್ಲ ಕೇಳುವ ಹಾಗೆ, "ಯಾರ ಸೆರಗೂ ಬೀಳಲ್ಲ, ನೀರಿಗೆ ಬನ್ನಿ" ಎಂದು ಕೂಗಿದಳು. ಆಮೇಲೆ ದೊರೆಗೆ, "ನೆಟ್ಟಗಿರೋ ಊರನ್ನ ತಲೆಕೆಳಗೆ ನೋಡಿ ಏನಯ್ಯ ಅಳೀತೀಯ, ಇದನ್ನ ಆಚೆಗೆ ಇಟ್ಕೋ" ಎಂದಳು. ಅವನಿಗೆ ಮಾತು ಅರ್ಥವಾಯಿತೋ ಇಲ್ಲವೋ, ಬಿಂದಿಗೆ ಎತ್ತಿದ ರೀತಿ ಅರ್ಥವಾಯಿತು. ಮೂರು ಕಾಲನ್ನೂ ಕಿತ್ತು ದಿಬ್ಬದ ಆಚೆಗೆ ಇಟ್ಟುಕೊಂಡ.

"ಇದನ್ನ ಬರೀರಿ ಆಂಟಿ," ವನಿತಾ ಎದ್ದೇ ನಿಂತಳು. "ಜಯನಗರದಲ್ಲಿ ಎಕ್ಸಿಬಿಷನ್ ಇಡ್ತಿದೀನಿ. ಅವರ ಚಿತ್ರದ ಪಕ್ಕದಲ್ಲಿ ಇದು ಇರಬೇಕು. ನೀವು ಬರೀರಿ, ನಾನು ಕೆತ್ತುತೀನಿ. ಅಲ್ಲೂ ಹಂಗೇ, ಬರೆಯೋರು ಒಬ್ರು, ಕೆತ್ತೋರು ಒಬ್ರು."

"ಕಲ್ಲು ನನ್ನ ಹತ್ರ ಇದೆ," ಎಂದರು ಗೋವಿಂದಮ್ಮ.

ಹಾಗೆ ಆ ಮುಟ್ಟಬಾರದ ಕಲ್ಲು ಒಳಗೆ ಬಂತು. ಅಕ್ಕಯಮ್ಮ ದುರ್ಬೀನಿಗಿಂತ ದೊಡ್ಡವಳಾಗಿ, ದೊರೆಗಿಂತ ದೊಡ್ಡವಳಾಗಿ, ಬಿಂದಿಗೆ ಸಮೇತ ನಿಂತಳು. ದೊರೆ ಅವಳ ಮೊಣಕಾಲೆತ್ತರಕ್ಕಿದ್ದ. ಮೂಲೆಯಲ್ಲಿ ಮಾವ ಎಲೆಯಡಿಕೆ ತಟ್ಟೆಯೊಂದಿಗೆ ನಿಂತಿದ್ದ. ಮೊದಲನೇ ಅಚ್ಚು ತೆಗೆದಾಗ ಗೋವಿಂದಮ್ಮ ಹೌಹಾರಿದರು. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗಿ ಅಕ್ಕಯಮ್ಮನ ಸೆರಗು ತಪ್ಪು ಹೆಗಲಿಗೆ ಹೋಗಿತ್ತು. "ಸ್ವರ್ಗದಿಂದ ನಮ್ಮತ್ತೆ ಬಂದು ಬೈತಾರೆ" ಎಂದು ಕೂತುಬಿಟ್ಟರು. ವನಿತಾ ತಲೆ ಕೆಡಿಸಿಕೊಳ್ಳಲಿಲ್ಲ. ನೀರು ಹಾಕಿ, ಸಾಣೆಕಲ್ಲಿನಿಂದ ಉಜ್ಜಿ, ಕೆತ್ತನೆಯನ್ನೆಲ್ಲ ಅಳಿಸಿ, ಕಲ್ಲನ್ನು ಮತ್ತೆ ನುಣ್ಣಗೆ ಮಾಡಿದಳು. ಆ ಹಿಮದ ಹಳ್ಳಿಯಲ್ಲಿ ಇದೇ ಪದ್ಧತಿಯಂತೆ. ಎಷ್ಟು ಪ್ರತಿ ಎಂದು ಮೊದಲೇ ಗೊತ್ತು ಮಾಡಿ, ಅಷ್ಟು ತೆಗೆದಾದ ಮೇಲೆ ಕಲ್ಲನ್ನು ಉಜ್ಜಿಬಿಡುತ್ತಾರೆ. ಮುಂದಿನ ಚಿತ್ರಕ್ಕೆ ಅದೇ ಕಲ್ಲು.

ಎರಡನೇ ಸಲ ತಿರುಗಿಸಿ ಬರೆದು ಕೆತ್ತಿದರು, ಸೆರಗು ಸರಿಯಾಯಿತು. ಎಷ್ಟು ಪ್ರತಿ ಬೇಕು ಎಂದಾಗ ಗೋವಿಂದಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಈ ಮನೆಯಲ್ಲಿ ಹುಟ್ಟಿ ಬೇರೆ ಮನೆ ಸೇರಿದ ಹೆಣ್ಣುಮಕ್ಕಳಿಗೆಲ್ಲ ಒಂದೊಂದು, ಎಕ್ಸಿಬಿಷನ್ನಿಗೆ ಒಂದು. ತೆಳು ಕಾಗದ ಹಾಸಿ, ಸೌಟಿನ ಬೆನ್ನಿನಿಂದ ಅವರೇ ಉಜ್ಜಿದರು. ಕೆಳಗೆ ಜಾಗ ಸಾಲದೆ ಪ್ರತಿಗಳನ್ನೆಲ್ಲ ನನ್ನ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಗಹಾಕಿದೆವು. ಎಕ್ಸಿಬಿಷನ್ನಿನದು ಮಾತ್ರ ವನಿತಾಳ ಗೋಡೆಯಲ್ಲಿ ಉಳಿಯಿತು.

ಅದನ್ನು ಬೈಲಪ್ಪನವರು ನೋಡಿದರು. ಬೈಲಪ್ಪ ಎಂದರೆ ಗೋವಿಂದಮ್ಮನವರ ಗಂಡ ಯಲ್ಲಯ್ಯನವರ ಅಣ್ಣ. ಪಕ್ಕದ ಕ್ರಾಸಿನಲ್ಲಿ ಮನೆ, ಬಿಳಿ ಷರಟು, ಕುಲಕ್ಕೆಲ್ಲ ಹಿರಿಯ. ಊರಿನ ಸಮುದಾಯ ಭವನದಲ್ಲಿ ಪಟೇಲ ಗೂಳಪ್ಪ ದೊರೆಗೆ ಹಾರ ಹಾಕುವ, ದೊರೆ ಅವನಿಗೆ ಶಾಲು ಹೊದಿಸುವ ದೊಡ್ಡ ಬಣ್ಣದ ಚಿತ್ರವನ್ನು ಇವರೇ ಹಾಕಿಸಿದವರು. ಮೂಲೆಯಲ್ಲಿ ತಟ್ಟೆ ಹಿಡಿದು ನಿಂತ ಸಣ್ಣ ಗೂಳಪ್ಪನನ್ನು ನೋಡಿದ ಅವರ ಮುಖ ನೋಡುವ ಹಾಗಿರಲಿಲ್ಲ.

"ಇದ್ಯಾವ ಕಟ್ಟುಕತೆ? ನಮ್ಮನೆ ಸೊಸೆ ಹತ್ತು ಜನ ಗಂಡಸರ ಮುಂದೆ ಹೋಗಿ ಪರದೇಶಿ ಕೊಳವೆಗೆ ಕಣ್ಣಿಟ್ಲಾ? ಮಾನ ಮರ್ಯಾದೆ ಬೇಡ್ವಾ?"

"ನಿಮ್ಮಮ್ಮನೇ ಹೇಳಿದ್ದು ಭಾವ."

"ನನಗೆ ಹೇಳಿಲ್ಲ."

"ನೀವು ಅಡುಗೆಮನೆಗೆ ಯಾವತ್ತು ಬಂದಿದ್ರಿ?"

ಅದು ಆಡಬಾರದ ಮಾತೇನಲ್ಲ, ಆದರೆ ಆಡಿದ ಹೊತ್ತು ಚೆನ್ನಾಗಿರಲಿಲ್ಲ. ಬೈಲಪ್ಪ ಗೋಡೆಯ ಮೇಲಿನ ಚಿತ್ರ ಕಿತ್ತು, ನಾಲ್ಕು ಚೂರು ಮಾಡಿ ನೆಲಕ್ಕೆ ಹಾಕಿದರು. ಆಮೇಲೆ ಕಲ್ಲಿನ ಕಡೆ ಬೆರಳು ತೋರಿಸಿದರು. "ಇದು ಇರಕೂಡದು. ನನ್ನ ಕಣ್ಮುಂದೆ ಅಳಿಸಿ."

ಗೋವಿಂದಮ್ಮ ನೀರು ತಂದು, ಸಾಣೆಕಲ್ಲು ಹಿಡಿದು ಉಜ್ಜಲು ಕೂತರು. ಅಕ್ಕಯಮ್ಮನ ಬಿಂದಿಗೆ ಹೋಯಿತು, ಸೆರಗು ಹೋಯಿತು, ದೊರೆ ಹೋದ. ಕಪ್ಪು ನೀರು ಬಾಗಿಲಾಚೆ ಸಂಪಿನ ಮುಚ್ಚಳದ ಮೇಲೆ ಹರಿಯಿತು. ಬೈಲಪ್ಪನವರಿಗೆ ಸಮಾಧಾನವಾಯಿತು. ಪಾಪ, ಅವರ ಲೆಕ್ಕದಲ್ಲಿ ಕಲ್ಲಿನ ಮೇಲೆ ಬರೆದದ್ದು ಎಂದರೆ ಹಳೆಯ ಶಾಸನದ ಹಾಗೆ. ಕಲ್ಲು ಅಳಿಸಿದರೆ ಮುಗಿಯಿತು. ಬೇರೆ ಪ್ರತಿ ಇದೆಯೇ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ನನ್ನ ಮನೆಗೆ ಬೀಗ ಹಾಕಿತ್ತು, ಕೀ ನನ್ನ ಸೊಂಟದಲ್ಲಿತ್ತು.

ಹೋಗುವ ಮುಂಚೆ ಮಾತ್ರ ದೇವರ ಕೋಣೆಯ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡರು. "ಇಂಥ ಚಿತ್ರ ನಿನ್ನ ಕೈಯಿಂದಾಗಲಿ, ಆ ಹುಡುಗಿ ಕೈಯಿಂದಾಗಲಿ ಈ ಹೊಸ್ತಿಲು ದಾಟಬಾರದು. ದಾಟಿದ್ರೆ ನಮ್ಮ ಕುಲದೋರು ಯಾರೂ ಈ ಮನೇಲಿ ನೀರು ಮುಟ್ಟಲ್ಲ." ಗೋವಿಂದಮ್ಮ ಆಗಲಿ ಎಂದರು.

ಗೋವಿಂದಮ್ಮ ಮಾತು ಕೊಟ್ಟರೆ ಕೊಟ್ಟದ್ದೇ. ಅದೇ ದೊಡ್ಡ ತೊಂದರೆಯಾಯಿತು. ಎಕ್ಸಿಬಿಷನ್ ಹತ್ತಿರ ಬರುತ್ತಿತ್ತು. ಚಿತ್ರಗಳು ನನ್ನ ಹಗ್ಗದಲ್ಲಿ ನೇತಾಡುತ್ತಿದ್ದವು. ನಾನು ಎತ್ತಿಕೊಂಡು ಹೋಗಿ ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. "ನಿನ್ನ ಕೈ ನನ್ನ ಕೈ ಬೇರೇನಾ, ಸುಮ್ನಿರು" ಎಂದರು. ಒಂದು ಸಂಜೆ ಖಾಲಿ ಕಲ್ಲಿನ ಮುಂದೆ ಕೂತು ಅತ್ತರು. ಆ ಹೆಂಗಸು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಅತ್ತೆ ಸೊಸೆಗೆ ಹೇಳ್ಬೇಕಾದ ಕತೆ ಕಣೆ ಇದು. ನನಗೆ ಸೊಸೆ ಇಲ್ಲ. ಇರೋ ಒಬ್ಬ ಮಗ ಮದುವೇನೇ ಬೇಡ ಅಂತಾನೆ. ಪೂರ್ತಿ ಗೊತ್ತಿರೋರು ನಾನು ಬಿಟ್ರೆ ನಮ್ಮ ಮಾವನ ತಂಗಿ ಸಾಕಮ್ಮತ್ತೆ ಒಬ್ರೇ, ಅವರಿಗೆ ತೊಂಬತ್ತಾಗ್ತಾ ಬಂತು. ನಾವಿಬ್ರು ಹೋದ್ರೆ ಅಕ್ಕಯಮ್ಮ ಸತ್ತಂಗೆ. ಭವನದ ಗೋಡೇಲಿ ಗೂಳಪ್ಪ ಮಾತ್ರ ಹಾರ ಹಾಕ್ತಾ ನಿಂತಿರ್ತಾನೆ."

ಗೌರಿಹಬ್ಬ ಬಂತು. ಈ ಕುಲದಲ್ಲಿ ತವರಿನ ಬಾಗಿನ ಮಾಡುವುದು ಮೂಲಮನೆಯಲ್ಲಿ, ಎಂದರೆ ಗೋವಿಂದಮ್ಮನವರ ಮನೆಯಲ್ಲಿ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ ಇಟ್ಟು, ಮೇಲೆ ರವಿಕೆ ಕಣ ಹಾಸಿ, ಇನ್ನೊಂದು ಮೊರ ಮುಚ್ಚಿ ದಾರ ಕಟ್ಟುತ್ತಾರೆ. ಕಟ್ಟಿದ ಬಾಗಿನವನ್ನು ಹೆಣ್ಣುಮಗಳೇ ಬಿಚ್ಚಬೇಕು, ನಡುವೆ ಯಾರೂ ತೆಗೆದು ನೋಡುವಂತಿಲ್ಲ. ಹೊತ್ತುಕೊಂಡು ಹೋಗಿ ಕೊಡುವುದು ಮನೆಯ ಗಂಡುಮಕ್ಕಳು. ಯಲ್ಲಯ್ಯನವರಿಗೆ ಮಂಡಿನೋವು. ಹಾಗಾಗಿ ಆ ಕೆಲಸ ಬೈಲಪ್ಪನವರದು. ವರ್ಷವರ್ಷವೂ ಕಾರು ತೊಳೆಸಿ, ಹೊಸ ಬಿಳಿ ಷರಟು ಹಾಕಿ, ಅದನ್ನೊಂದು ದೊಡ್ಡಸ್ತಿಕೆಯ ಹಾಗೆ ಮಾಡುತ್ತಿದ್ದರು.

ಬೆಳಿಗ್ಗೆ ಗೋವಿಂದಮ್ಮ ನನ್ನ ಬಾಗಿಲು ತಟ್ಟಿ, "ಕೋಣೆ ಬೀಗ ತೆಗಿ" ಎಂದರು. ಕಣ್ಣಲ್ಲಿ ಹಳೆಯ ತುಂಟತನ ವಾಪಸು ಬಂದಿತ್ತು. ನನಗೆ ಆಗಲೇ ಗೊತ್ತಾಗಿ ನಗು ಉಕ್ಕಿ ಬಂತು. ಪ್ರತಿಯೊಂದು ಚಿತ್ರವನ್ನೂ ಬಟರ್ ಪೇಪರಿನಲ್ಲಿ ಸುತ್ತಿ, ರವಿಕೆ ಕಣದ ಕೆಳಗೆ ಮಲಗಿಸಿ, ಮೊರ ಮುಚ್ಚಿ ದಾರ ಬಿಗಿದೆವು. ಕಲ್ಲು ಮೊರದಗಲದ್ದೇ ಆಗಿದ್ದರಿಂದ ಚಿತ್ರಗಳು ಅಳತೆ ತೆಗೆದ ಹಾಗೆ ಕೂತವು. ಯಲ್ಲಯ್ಯನವರು ಪಕ್ಕದಲ್ಲಿ ಕಾಫಿ ಕುಡಿಯುತ್ತಾ, "ಮಾತು ಮುರೀತಿಲ್ಲ ತಾನೆ?" ಎಂದರು.

"ನನ್ನ ಕೈಯಿಂದ ಹೊಸ್ತಿಲು ದಾಟಲ್ಲ," ಎಂದರು ಗೋವಿಂದಮ್ಮ.

ಬೈಲಪ್ಪ ಬಂದರು. ಒಂದೊಂದೇ ಬಾಗಿನವನ್ನು ಎರಡು ಕೈಯಲ್ಲಿ ಹಿಡಿದು, ಭಕ್ತಿಯಿಂದ, ಬಲಗಾಲಿಟ್ಟು ಹೊಸ್ತಿಲು ದಾಟಿಸಿ ಕಾರಿನಲ್ಲಿಟ್ಟರು. "ಈ ಸಲ ಏನಮ್ಮ, ಚೆನ್ನಾಗಿ ತುಂಬಿದ್ದೀಯ" ಎಂದು ಮೆಚ್ಚಿಕೊಂಡರು ಕೂಡ. ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ. ಪುಟ್ಟೇನಹಳ್ಳಿ, ಬನಶಂಕರಿ, ಬಿಟಿಎಂ ಲೇಔಟ್, ಸುಬ್ರಹ್ಮಣ್ಯಪುರ, ಎಲ್ಲೆಲ್ಲಿ ಮನೆಯ ಹೆಣ್ಣುಮಕ್ಕಳಿದ್ದರೋ ಅಲ್ಲಿಗೆಲ್ಲ ಅಕ್ಕಯಮ್ಮ ಎಸಿ ಕಾರಿನಲ್ಲಿ ಕೂತು ಹೋದಳು.

ಸಂಜೆಗೆ ಫೋನುಗಳು ಶುರುವಾದವು. ಬನಶಂಕರಿಯ ನಾದಿನಿ ಲತಾಮಣಿ, "ಅತ್ತಿಗೆ, ಅಮ್ಮ ಬಾವಿ ಕತೆ ಏನೋ ಅರ್ಧಂಬರ್ಧ ಹೇಳ್ತಿದ್ದಿದ್ದು ನೆನಪಿತ್ತು, ಇದೇನಾ ಅದು? ಪೂರ್ತಿ ಹೇಳಿ" ಎಂದಳು. ಗೋವಿಂದಮ್ಮ ಹೇಳಿದರು. ಮುಂದಿನ ಫೋನಿಗೂ ಹೇಳಿದರು. ಗಂಟಲು ಕಟ್ಟುವವರೆಗೆ ಹೇಳಿದರು. ಅತ್ತೆ ಸೊಸೆಗೆ ಹೇಳುತ್ತಿದ್ದ ಕತೆ ಒಂದೇ ರಾತ್ರಿಯಲ್ಲಿ ಕುಲದ ಹೆಣ್ಣುಮಕ್ಕಳ ಬಾಯಲ್ಲೆಲ್ಲ ಕೂತಿತು.

ಮಾರನೇ ದಿನ ಬೈಲಪ್ಪ ಕೆಂಪಗಾಗಿ ಬಂದರು. ಯಾರೋ ಅವರಿಗೂ ಫೋನು ಮಾಡಿ ಧನ್ಯವಾದ ಹೇಳಿದ್ದರು. "ನಡೀರಿ ಸಾಕಮ್ಮತ್ತೆ ಮನೆಗೆ. ನಮ್ಮಪ್ಪನ ಸ್ವಂತ ತಂಗಿ, ಅವರೇ ತೀರ್ಮಾನ ಮಾಡ್ಲಿ." ಗೋವಿಂದಮ್ಮ, ಯಲ್ಲಯ್ಯ ಹೊರಟರು. ನನ್ನನ್ನು ಯಾರೂ ಕರೆಯಲಿಲ್ಲ. ಹಿಂದಿನ ಸೀಟಿನಲ್ಲಿ ಜಾಗವಿತ್ತು, ಹೋಗಿ ಕೂತೆ.

ಸುಬ್ರಹ್ಮಣ್ಯಪುರದಲ್ಲಿ ಸಾಕಮ್ಮನವರ ನಡುಮನೆಯ ಗೋಡೆಯಲ್ಲಿ, ತೀರಿಕೊಂಡ ಗಂಡನ ಫೋಟೋ ಪಕ್ಕದಲ್ಲೇ ಅಕ್ಕಯಮ್ಮ ಇದ್ದಳು. ಆಗಲೇ ಕುಂಕುಮ ಹಚ್ಚಿ ಹೂ ಮುಡಿಸಿದ್ದರು. ಬೈಲಪ್ಪ ನಿಂತಲ್ಲೇ, "ಅತ್ತೆ, ಇದು ಸುಳ್ಳು ಕತೆ. ತೆಗೆದು ಕೊಟ್ಬಿಡಿ" ಎಂದರು.

ಸಾಕಮ್ಮ ಮಂಚದ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದರು. ಕುಟ್ಟುವುದನ್ನು ನಿಲ್ಲಿಸಲಿಲ್ಲ. "ನಮ್ಮಮ್ಮ ನನ್ನ ತಲೆ ಬಾಚ್ತಾ ಹೇಳಿದ ಕತೆ ಇದು. ನಾನು ಸುಳ್ಳಾ, ನಮ್ಮಮ್ಮ ಸುಳ್ಳಾ?"

ಬೈಲಪ್ಪ ಕುರ್ಚಿ ಎಳೆದುಕೊಂಡು ಕೂತರು.

"ಇರಲಿ. ತಂದುಕೊಟ್ಟೋನು ಯಾರು?"

"ಒಳಗೇನಿದೆ ಅಂತ ನನಗೆ ಗೊತ್ತಿರಲಿಲ್ಲ ಅತ್ತೆ."

"ಗೊತ್ತಿರ್ಲಿ ಬಿಡ್ಲಿ, ನಿನ್ನ ಎರಡು ಕೈಯಾರೆ ತವರಿನ ಬಾಗಿನ ಅಂತ ನನ್ನ ಮಡಿಲಿಗೆ ಹಾಕ್ದೆ. ನಾನು ತಗೊಂಡೆ, ನಿನಗೆ ಒಳ್ಳೇದಾಗ್ಲಿ ಅಂದೆ. ಈಗ ಹೆಣ್ಣುಮಗಳ ಮನೆಗೆ ಬಂದು ಕೊಟ್ಟ ಬಾಗಿನ ವಾಪಸ್ ಕೇಳ್ತಿದೀಯ. ಕೇಳು ಬೈಲ, ಇನ್ನೊಂದ್ಸಲ ಬಾಯಿ ಬಿಟ್ಟು ಕೇಳು, ತೆಗೆದು ಕೊಡ್ತೀನಿ."

ಯಾವ ಗಂಡುಮಗ ಕೇಳಿಯಾನು? ಸಾಕಮ್ಮನವರ ಸೊಸೆ ಒಬ್ಬಟ್ಟು ತಂದಿಟ್ಟಳು. ಬೈಲಪ್ಪ ತಲೆ ತಗ್ಗಿಸಿಕೊಂಡು ತಿಂದರು, ಎರಡನೆಯದನ್ನು ಬೇಡ ಎನ್ನಲಿಲ್ಲ.

ಎಕ್ಸಿಬಿಷನ್ ದಿನ ಜಯನಗರದ ಆ ಹಾಲ್‌ಗೆ ಕುಲದ ಹೆಣ್ಣುಮಕ್ಕಳೆಲ್ಲ ಬಂದರು. ರೇಷ್ಮೆ ಸೀರೆಯುಟ್ಟು, ಕಂಕುಳಲ್ಲಿ ತಮ್ಮ ತಮ್ಮ ಚಿತ್ರ ಇಟ್ಟುಕೊಂಡು, ಆಟೋದಲ್ಲಿ, ಮೆಟ್ರೋದಲ್ಲಿ ಬಂದರು. ಸಾಕಮ್ಮನವರನ್ನು ಮೊಮ್ಮಗ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ತಂದ. ಒಂದು ಗೋಡೆಯಲ್ಲಿ ಹಿಮದ ನಾಡಿನ ಹಡಗುಗಳು, ಎದುರು ಗೋಡೆಯಲ್ಲಿ ಸಾಲಾಗಿ ಅಕ್ಕಯಮ್ಮ, ಅಕ್ಕಯಮ್ಮ, ಅಕ್ಕಯಮ್ಮ. ಪ್ರತಿಯೊಂದರ ಕೆಳಗೂ ಅದನ್ನು ತಂದ ಹೆಂಗಸಿನ ಹೆಸರು. ಬಂದವರು ಕತೆ ಕೇಳಿದರೆ ಹೇಳಲು ಒಬ್ಬರಲ್ಲ, ಹತ್ತು ಜನ ಮುಂದೆ ಬರುತ್ತಿದ್ದರು. ವನಿತಾ ಫೋಟೋ ತೆಗೆದು ಆ ಹಳ್ಳಿಯ ಅಜ್ಜಿಗೆ ಕಳಿಸಿದಳು. ನಿಮ್ಮ ಈ ದೊರೆ ನಮ್ಮ ಹಡಗಿನವನ ತಮ್ಮನಿರಬೇಕು ಎಂದು ಅಜ್ಜಿ ಉತ್ತರ ಕಳಿಸಿದರಂತೆ. ಗೋವಿಂದಮ್ಮ ಗೋಡೆಯ ನಡುವೆ ನಿಂತು ಮೇಲೆ ನೋಡುತ್ತಿದ್ದರು. ಅಷ್ಟು ನೆಟ್ಟಗೆ ಅವರು ನಿಂತದ್ದನ್ನು ನಾನು ಕಂಡಿರಲಿಲ್ಲ. ನನಗೂ ಕಣ್ಣು ತುಂಬಿತು, ಸಂತೋಷಕ್ಕೆ.

ಬೈಲಪ್ಪ ತಡವಾಗಿ ಬಂದರು. ಬಿಳಿ ಷರಟು, ಕೈ ಹಿಂದೆ ಕಟ್ಟಿಕೊಂಡು ಒಂದೊಂದನ್ನೂ ನೋಡುತ್ತಾ ಬಂದರು. ಎಲ್ಲ ಒಂದೇ ಚಿತ್ರವಾದರೂ ಒಂದನ್ನೂ ಬಿಡದೆ ನೋಡಿದರು. ಕೊನೆಗೆ ಗೋವಿಂದಮ್ಮನವರ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡರು.

"ನಮ್ಮನೆಗೊಂದು ಇಲ್ವೇನಮ್ಮ?"

"ಮಿಕ್ಕಿದ್ದ ಒಂದನ್ನ ನೀವೇ ಹರಿದ್ರಿ ಭಾವ. ಕಲ್ಲೂ ನೀವೇ ಉಜ್ಜಿಸಿದ್ರಿ. ಈಗ ನೋಡ್ಬೇಕು ಅನ್ಸಿದ್ರೆ ಅಕ್ಕತಂಗಿಯರ ಮನೆಗೆ ಹೋಗಿ ನೋಡ್ಕೊಂಡು ಬರಬೇಕು."

ಬೈಲಪ್ಪ ಮತ್ತೆ ಗೋಡೆಯ ಕಡೆ ತಿರುಗಿದರು. ಗೋವಿಂದಮ್ಮನವರಿಗೇ ಆಮೇಲೆ ಪಾಪ ಅನ್ನಿಸಿತೇನೋ.

"ಅದೇ ಕಲ್ಲಲ್ಲಿ ಇನ್ನೊಂದು ಬರೀತಾ ಇದೀನಿ. ಅದರಲ್ಲಿ ನೀವಿದ್ದೀರ. ಮೊದಲನೇ ಪ್ರತಿ ನಿಮಗೇ."

"ನಾನಾ? ಎಷ್ಟು ದೊಡ್ಡದಾಗಿ ಬರ್ದಿದೀಯ?"

"ಕಾರಿಗಿಂತ ದೊಡ್ಡೋರು."

"ಏನು ಮಾಡ್ತಾ ಇದೀನಿ?"

"ಬಾಗಿನ ಹೊತ್ಕೊಂಡು ಹೊಸ್ತಿಲು ದಾಟ್ತಾ ಇದೀರ ಭಾವ."